ಏಣಿಗೆ ಹನ್ನೊಂದು ಸನ್ಮಾನ

ಕಾಲೇಜಿನಲ್ಲಿ ಅವನನ್ನು ಎಲ್ಲರೂ ಏಣಿ ಎನ್ನುತ್ತಿದ್ದರು. ಉದ್ದಕ್ಕಿದ್ದ, ಸಪೂರಕ್ಕಿದ್ದ, ಉದ್ದನೆಯ ಕೋಲೂರಿ ಅಡ್ಡಪಟ್ಟಿಯ ಮೇಲಿಂದ ಹಾರುತ್ತಿದ್ದ. ಮೂರು ವರ್ಷ ಮೈದಾನದ ಮೂಲೆಯಲ್ಲಿ ಹಾರಿದರೂ ಪ್ರಿನ್ಸಿಪಾಲರು ಕಣ್ಣೆತ್ತಿ ನೋಡಿರಲಿಲ್ಲ. ಒಮ್ಮೆ ಆ ಕೋಲು ಕಂಡು, ಚರಂಡಿ ಸರಿಮಾಡಲು ಬಂದವನೆಂದು ತಿಳಿದು, ಹಿಂದಿನ ಬಾಗಿಲಿಂದ ಬಾ ಎಂದಿದ್ದರು.

ಏಣಿ ರಾಷ್ಟ್ರಮಟ್ಟದ ಕೂಟಕ್ಕೆ ಆಯ್ಕೆಯಾದದ್ದೇ ತಡ, ಕಾಲೇಜಿಗೆ ಪ್ರೀತಿ ಉಕ್ಕಿ ಬಂತು. ಮೊದಲು ಪ್ರಿನ್ಸಿಪಾಲರ ಸನ್ಮಾನ. ಅವರು ಮಾಡಿದರೆಂದು ಅಧ್ಯಾಪಕರ ಸಂಘದ್ದು. ಆಮೇಲೆ ಕಚೇರಿಯವರದು. ಗ್ರಂಥಾಲಯದವರೂ ಮಾಡಿದರು, ಏಣಿ ಆ ಕಡೆ ಕಾಲಿಟ್ಟವನೇ ಅಲ್ಲ. ಒಂದೊಂದಕ್ಕೂ ಒಂದು ಕೇಕು. ಫೋಟೋಕ್ಕೆಂದು ಬಾಯಿ ತೆರೆಯಬೇಕು, ತುಂಡು ನುಂಗಬೇಕು. ಫೋಟೋದಲ್ಲಿ ಯಾರದಾದರೂ ಕಣ್ಣು ಮುಚ್ಚಿದ್ದರೆ ಇನ್ನೊಂದು ತುಂಡು. ಅಭ್ಯಾಸಕ್ಕೆ ಹೊರಟರೆ ಯಾರೋ ಕೈಹಿಡಿದು ಎಳೆಯುವರು. ಬೇಡ ಎನ್ನಲು ಅವನಿಗೆ ಬಾಯಿ ಬರದು. ಬಂದರೂ ಅದರಲ್ಲಿ ಕೇಕಿರುತ್ತಿತ್ತು. ಇಪ್ಪತ್ತು ದಿನದಲ್ಲಿ ಹತ್ತು ಸನ್ಮಾನವಾಯಿತು.

ಅವನ ತಾಯಿ ಲಾಂಡ್ರಿಯಲ್ಲಿ ಬಟ್ಟೆಗಂಟು ತೂಗುವವಳು. ಮಗ ಅಂಗಿಯ ಗುಂಡಿ ಹಾಕಲು ಒದ್ದಾಡುವುದು ಕಂಡು ಅವನನ್ನೇ ತೂಕದ ಯಂತ್ರದ ಮೇಲೆ ನಿಲ್ಲಿಸಿದಳು.

"ಅರವತ್ತೆಂಟೂವರೆ! ಏನೋ ಇದು, ಒದ್ದೆ ಬೆಡ್‌ಶೀಟಿನ ಗಂಟು ಇದ್ದಂಗಿದ್ದೀಯ."

"ನನ್ನ ಕೋಲು ಅರವತ್ತೈದು ಕಿಲೋದ್ದು ಅಮ್ಮಾ."

"ಅಂದ್ರೆ?"

"ಅದಕ್ಕಿಂತ ಭಾರ ಬಿದ್ರೆ ಮುರೀಬಹುದು. ಆಗ ನಾನು ಮೇಲಿರ್ತೀನಿ."

ಕೂಟಕ್ಕೆ ಹೊರಡಲು ಇದ್ದದ್ದು ಒಂದೇ ವಾರ. ಅಷ್ಟರಲ್ಲಿ ತೂಕ ಇಳಿಸಿದರೆ ಕಾಲಿನ ಕಸುವೂ ಇಳಿಯುತ್ತದೆ. ವ್ಯಾಯಾಮದ ಮೇಷ್ಟ್ರು ಎಪ್ಪತ್ತು ಕಿಲೋ ತಡೆಯುವ ಕೋಲು ಕೇಳಲು ಪ್ರಿನ್ಸಿಪಾಲರ ಕೋಣೆಗೆ ಹೋದರು.

"ಹಳೇದು ಮುರಿದಿದ್ಯಾ?"

"ಇಲ್ಲ ಸಾರ್. ಅದು ಮುರಿದ್ರೆ ಹುಡುಗನ ಕತ್ತೂ ಮುರಿಯುತ್ತೆ."

"ಮುರಿದ ತುಂಡು ತಂದು ಒಪ್ಪಿಸಿ, ಹೊಸದು ತಗೊಳ್ಳಿ. ನಿಯಮ ನಾನು ಮಾಡಿದ್ದಲ್ಲ."

ನಿಯಮ ಅವರೇ ಮಾಡಿದ್ದು. ಪೊರಕೆಗಳಿಗೆಂದು.

ಹೊರಡಲು ಐದು ದಿನ ಇದ್ದಾಗ ಮೈದಾನದಲ್ಲಿ ಹನ್ನೊಂದನೆಯ ಸನ್ಮಾನ. ಅತಿಥಿಗಳೆದುರು ಒಂದು ಸಲ ಹಾರಿ ತೋರಿಸು ಎಂದರು ಪ್ರಿನ್ಸಿಪಾಲರು. ಏಣಿ ಅಡ್ಡಪಟ್ಟಿ ನೋಡಿದ, ಕೋಲು ನೋಡಿದ. ಹಿರಿಯರಿಗೆ ಎಂದೂ ಎದುರಾಡಿದವನಲ್ಲ.

"ಹಾರಲ್ಲ ಸಾರ್. ಕೇಕು ಜಾಸ್ತಿಯಾಗಿದೆ."

ಜನ ಗೊಳ್ಳೆಂದರು. ಪ್ರಿನ್ಸಿಪಾಲರ ಮುಖ ಹುಳ್ಳಗಾಯಿತು.

"ಹೋಗ್ಲಿ ಬಿಡು. ಕೋಲು ಹೇಗೆ ಬಾಗುತ್ತೆ ಅಂತಾದ್ರೂ ಅತಿಥಿಗಳು ನೋಡ್ಲಿ."

ಕೋಲನ್ನು ವೇದಿಕೆಯ ಸಿಮೆಂಟಿನ ಅಂಚಿನಿಂದ ಅರ್ಧ ಹೊರಚಾಚುವಂತೆ ಅಡ್ಡಲಾಗಿ ಇಟ್ಟು, ಒಳತುದಿಯ ಮೇಲೆ ಇಬ್ಬರು ಗುಮಾಸ್ತರನ್ನು ಕೂರಿಸಿದರು. ಹೊರತುದಿಗೆ ತಾವೇ ಜೋತುಬಿದ್ದರು. ಮೇಷ್ಟ್ರು "ಬೇಡ ಸಾರ್" ಎನ್ನುವಷ್ಟರಲ್ಲಿ ಕೋಲು ಲಟಕ್ಕನೆ ಮುರಿಯಿತು. ಪ್ರಿನ್ಸಿಪಾಲರು ಮಣ್ಣಿನಲ್ಲಿ ದೊಪ್ಪನೆ ಕುಕ್ಕರಿಸಿದರು.

ಏಣಿ ತಲೆಯ ಮೇಲೆ ಕೈಹೊತ್ತ. ಇದ್ದದ್ದು ಅದೊಂದೇ ಕೋಲು. ಮೇಷ್ಟ್ರು ಮಾತ್ರ ಎರಡೂ ತುಂಡು ಎತ್ತಿಕೊಂಡು ಬಂದರು.

"ತುಂಡು ಒಪ್ಪಿಸ್ತಿದ್ದೀನಿ ಸಾರ್. ಹೊಸದಕ್ಕೆ ಒಂದು ಸಹಿ ಹಾಕಿ."

ಅತಿಥಿಗಳು ನೋಡುತ್ತಿದ್ದರು. ಕೂತಲ್ಲೇ ಸಹಿಯಾಯಿತು.

ಎಪ್ಪತ್ತರ ಕೋಲು ಮೂರನೆಯ ದಿನ ಬಂತು. ಗಟ್ಟಿ ಕೋಲು, ಮೊದಮೊದಲು ಏಣಿಯನ್ನೇ ಹಿಂದಕ್ಕೆ ಒಗೆಯಿತು. ಎರಡು ದಿನ ಅದರೊಂದಿಗೆ ಗುದ್ದಾಡಿ, ಕೊನೆಯ ಸಂಜೆ ತನ್ನ ಹಳೆಯ ಎತ್ತರ ದಾಟಿದ.

ಹೊರಡುವ ಬೆಳಿಗ್ಗೆ ಅವನು ಲಾಂಡ್ರಿಯಲ್ಲಿ ತಾಯಿಗೆ ಹೇಳಿ ಹೋಗಲು ಬಂದಿದ್ದ. ಪ್ರಿನ್ಸಿಪಾಲರು ಸೊಂಟ ಹಿಡಿದುಕೊಂಡೇ ಅಲ್ಲಿಗೂ ಬಂದರು. ಕೈಯಲ್ಲಿ ಕೇಕಿನ ಡಬ್ಬಿ, ಹಿಂದೆ ಫೋಟೋದವನು. ಏಣಿ ತುಟಿ ಬಿಗಿದುಕೊಂಡ. ತಾಯಿ ಡಬ್ಬಿ ಇಸಿದುಕೊಂಡು ತೂಕಕ್ಕಿಟ್ಟಳು.

"ಎರಡು ಕಿಲೋ ಇದೆ ಸಾರ್. ನೀವೇ ತಿನ್ನಿ. ಇವನ ಕೋಲಿಗೆ ಮಾತ್ರ ಇನ್ನೊಂದ್ಸಲ ಜೋತು ಬೀಳ್ಬೇಡಿ."