ಗವಿಸಿದ್ದಪ್ಪನ ಕಂಪ್ಯೂಟರಿನೊಳಗೆ ನಾನು ಕರೆತಂದ ಮೌಶಿ

ರೋಣದ ಬಸ್ ನಿಲ್ದಾಣದಿಂದ ತಹಶೀಲ್ದಾರ ಕಚೇರಿಯ ಕಡೆಗೆ ನಡೆದರೆ ಎಡಗಡೆಗೆ ಗವಿಸಿದ್ದಪ್ಪನ ಆನ್‌ಲೈನ್ ಸೆಂಟರ್. ಎಂಟಡಿ ಅಗಲದ ಅಂಗಡಿ. ಒಂದು ಕಂಪ್ಯೂಟರು, ಒಂದು ಝೆರಾಕ್ಸ್ ಯಂತ್ರ, ಬಂದವರು ಕೂರಲು ಒಂದು ಬೆಂಚು. ಇಪ್ಪತ್ತು ವರ್ಷದ ಹಿಂದೆ ಇದೇ ಜಾಗದಲ್ಲಿ ಆತ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಹೊಡೆದು ಕೊಡುತ್ತಿದ್ದ. ಕಾಲ ಬದಲಾಯಿತು, ಯಂತ್ರ ಬದಲಾಯಿತು, ಅರ್ಜಿ ಮಾತ್ರ ಬದಲಾಗಲಿಲ್ಲ. ಜಕ್ಕಲಿ, ಸೂಡಿಯ ಕಡೆಯ ಮಂದಿ ಪಹಣಿ, ಪಿಂಚಣಿ, ಮಕ್ಕಳ ವಿದ್ಯಾರ್ಥಿವೇತನ ಎಂದು ಅವನ ಬೆಂಚಿನ ಮೇಲೆಯೇ ಬಂದು ಕೂರುತ್ತಾರೆ.

ಗವಿಸಿದ್ದಪ್ಪನಿಗೆ ಒಂದು ಮಡಿ ಇದೆ. ಯಾರಾದರೂ ಪಾಸ್‌ವರ್ಡ್ ಒತ್ತುವಾಗ ಆತ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಬಿಡುತ್ತಾನೆ. ಇದರಿಂದ ಏನೂ ಪ್ರಯೋಜನವಿಲ್ಲ. ಬಂದವರು ಮಂಜಾದ ಕಣ್ಣನ್ನು ಫೋನಿಗೆ ಹತ್ತಿರ ಹಿಡಿದು, "ತಮ್ಮಾ, ಓಟಿಪಿ ನಾಕ, ಏಳ, ಸೊನ್ನಿ, ಸೊನ್ನಿ, ಎರಡ, ಒಂದ... ಕೇಳಸ್ತೇನು?" ಎಂದು ಎದುರಿನ ಚಹಾದಂಗಡಿಗೂ ಕೇಳುವಂತೆ ಕೂಗುತ್ತಾರೆ. ಆದರೂ ಆತ ಗೋಡೆ ನೋಡುವುದನ್ನು ಬಿಟ್ಟಿಲ್ಲ.

ಪಾಸ್‌ವರ್ಡ್ ಇಟ್ಟುಕೊಡುವವನೂ ಅವನೇ. ಹೊಲದ ಕೆಲಸಕ್ಕೆ ಹೋಗುವವರು ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಂದು ನೆನಪಿಟ್ಟುಕೊಳ್ಳುವುದು ಎಲ್ಲಿ ಬಂತು? "ನಿಮ್ಮ ಮನಿದೇವರು ಯಾರ್ರಿ?" ಎಂದು ಕೇಳುತ್ತಾನೆ. ದೇವರ ಹೆಸರಿನ ಮುಂದೆ ಒಂದು, ಎರಡು, ಮೂರು. ಯಾರೂ ಮರೆಯುವುದಿಲ್ಲ. ಮರೆತರೆ ಪಾಪ. ಗಜೇಂದ್ರಗಡದ ಸುತ್ತಿನಲ್ಲಿ ಬಹುತೇಕ ಮನೆಗಳಿಗೆ ಅಲ್ಲಿನ ಗುಡ್ಡದ ಕಳಕಪ್ಪನೇ ಮನೆದೇವರು. ಹಾಗಾಗಿ ಅರ್ಧ ತಾಲೂಕಿನ ಬೀಗಕ್ಕೆ ಒಂದೇ ಕೀಲಿಕೈ ಆಗಿತ್ತು. ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ ಕೆಲಸವನ್ನು ಈಗ ಹೇಳಬೇಕು.

ನಾನು ಇಲ್ಲಿನ ಕಾಲೇಜಿನಲ್ಲಿ ಕನ್ನಡ ಕಲಿಸುವವನು. ವಾರಪತ್ರಿಕೆಯೊಂದಕ್ಕೆ ನಗೆಬರಹ ಬರೆಯುವ ಚಟವೂ ಇದೆ. ಹೋದ ಶ್ರಾವಣದಲ್ಲಿ ಬದನೆಕಾಯಿಯ ಮೇಲೊಂದು ಬರಹಕ್ಕೆ ಕೈ ಹಾಕಿದ್ದೆ. ಅದಕ್ಕೆ ನೂರು ವರ್ಷದ ಹಿಂದೆ ಗದಗಿನಲ್ಲಿ ಅಚ್ಚಾದ ಒಂದು ಅಡುಗೆ ಪುಸ್ತಕ ಬೇಕಾಯಿತು. ಹುಡುಕಿದರೆ ಅದು ಸಿಕ್ಕಿದ್ದು ಪರದೇಶದ ಒಂದು ಗ್ರಂಥಾಲಯದ ಜಾಲತಾಣದಲ್ಲಿ. ತೆರೆಯಲು ಹೋದರೆ, "ನಿಮ್ಮ ದೇಶದಲ್ಲಿ ಲಭ್ಯವಿಲ್ಲ" ಎಂಬ ಫಲಕ. ಇಲ್ಲಿಂದ ಒಂದೂವರೆ ತಾಸಿನ ಬಸ್ ದಾರಿಯಷ್ಟು ದೂರದಲ್ಲಿ ಅಚ್ಚಾದ ಪುಸ್ತಕ ಓದಲು ನಾನು ಪರದೇಶದವನಾಗಬೇಕಿತ್ತು.

ವಿಪಿಎನ್ ಹಾಕಿಕೊಂಡರೆ ಎಲ್ಲಿಯವರಾದರೂ ಆಗಬಹುದು ಎಂದು ಎಲ್ಲೋ ಓದಿದ್ದೆ. ಮನೆಯ ನೆಟ್ ಆಮೆಯದು. ಹಾಗಾಗಿ ಗವಿಸಿದ್ದಪ್ಪನ ಅಂಗಡಿಗೆ ಹೋದೆ. ಆತ ಊಟಕ್ಕೆ ಏಳುತ್ತಿದ್ದ. "ಗವಿಸಿದ್ದಪ್ಪಾ, ಒಂದ ಹತ್ತ ನಿಮಿಷ ಕೂಡ್ಲಾ?" ಎಂದೆ. "ನಿಮ್ಮ ಮನಿ ಅನ್ಕೋರಿ ಸರ" ಎಂದು ಎದ್ದು ಹೋದ.

ವಿಪಿಎನ್ ಆರಿಸಲು ನಾನು ವಹಿಸಿದ ಶ್ರಮ ಇಷ್ಟು: ಪುಕ್ಕಟೆ ಇರಬೇಕು, ಬಳಸಿದವರು ಕೊಟ್ಟ ಚುಕ್ಕಿಗಳು, ಅಂದರೆ ಸ್ಟಾರ್‌ಗಳು, ಹೆಚ್ಚಿರಬೇಕು. ಹೆಂಡತಿಗೆ ಸೀರೆ ತರುವಾಗ ಕೂಡ ಇದಕ್ಕಿಂತ ಹೆಚ್ಚು ನೋಡುತ್ತೇನೆ. ಬ್ರೌಸರಿಗೇ ಅಂಟಿಕೊಳ್ಳುವಂಥದ್ದೊಂದು ಸಿಕ್ಕಿತು. ಅದರ ಚಿತ್ರದಲ್ಲಿ ಸಿಂಹ ಬೀಗ ಹಿಡಿದುಕೊಂಡು ಕೂತಿತ್ತು. ಒತ್ತಿದೆ. "ಎಲ್ಲ ಜಾಲತಾಣಗಳಲ್ಲಿ ನಿಮ್ಮ ಎಲ್ಲ ಮಾಹಿತಿಯನ್ನು ಓದಲು ಮತ್ತು ಬದಲಿಸಲು ಇದಕ್ಕೆ ಅನುಮತಿ ಕೊಡುವಿರಾ?" ಎಂದು ಕೇಳಿತು. ಕೊಟ್ಟೆ. ಪುಸ್ತಕ ತೆರೆಯಿತು. ಎಣ್ಣೆಗಾಯಿ ಮಾಡುವ ಬಗೆ ಬರೆದುಕೊಂಡೆ. ಗವಿಸಿದ್ದಪ್ಪ ಬರುವ ಮೊದಲೇ ಎದ್ದೆ. ಸಿಂಹವನ್ನು ಅಲ್ಲೇ ಬಿಟ್ಟು ಬಂದೆ.

ಮೂರು ವಾರವಾದ ಮೇಲೆ, ಬದನೆಕಾಯಿ ಬರಹ ಅಚ್ಚಾದ ಹುರುಪಿನಲ್ಲಿ, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಅರ್ಚನಾ ಅವರ ಮುಂದೆ ನನ್ನ ಜಾಣತನ ಕೊಚ್ಚಿಕೊಂಡೆ. ಅವರು ಸಿಂಹದ ಹೆಸರು ಕೇಳಿದವರೇ ಚಹಾದ ಕಪ್ಪು ಕೆಳಗಿಟ್ಟರು.

"ಸರ, ಅದನ್ನ ಬ್ರೌಸರಿನವರು ಹೋದ ವಾರ ತಮ್ಮ ಪಟ್ಟಿಯಿಂದ ತಗದಹಾಕ್ಯಾರ. ಹಾಕ್ಕೊಂಡವರು ಏನೇನು ಟೈಪ್ ಮಾಡ್ತಾರ, ಎಲ್ಲಾ ಒಯ್ದು ಮಾರ್ಲಿಕ್ಕೆ ಹತ್ತಿತ್ತಂತ. ಯಾವ ಕಂಪ್ಯೂಟರಿಗೆ ಹಾಕೀರಿ?"

"ನನ್ನದಲ್ಲ ಬಿಡ್ರಿ" ಎಂದೆ ಸಮಾಧಾನದಿಂದ. ಎಂಥ ಮಾತು ಆಡಿದೆ ಎಂದು ತಿಳಿಯಲು ನನಗೆ ಅರ್ಧ ನಿಮಿಷ ಹಿಡಿಯಿತು.

ವಿಪಿಎನ್ ಎಂದರೆ ಏನೆಂದು ಅರ್ಚನಾ ಅವತ್ತು ನನಗೆ ಬುತ್ತಿಯ ಲೆಕ್ಕದಲ್ಲಿ ತಿಳಿಸಿದರು. ಅವರು ಧಾರವಾಡದ ಹಾಸ್ಟೆಲಿನಲ್ಲಿ ಓದುವಾಗ ಗಜೇಂದ್ರಗಡದಿಂದ ತಾಯಿ ಭೀಮಾಬಾಯಿ ಬೆಳಗಿನ ಬಸ್ಸಿಗೆ ಬುತ್ತಿ ಕೊಟ್ಟು ಕಳಿಸುತ್ತಿದ್ದರು. ಹಾಸ್ಟೆಲಿನವರು ಊರೊಳಗಿನ ಮನೆಗಳಿಂದ ಬಂದ ಡಬ್ಬಿ ಮಾತ್ರ ಒಳಗೆ ಬಿಡುತ್ತಿದ್ದರು. ಹಾಗಾಗಿ ಬುತ್ತಿ ಮೊದಲು ಧಾರವಾಡದ ಮೌಶಿಯ, ಅಂದರೆ ತಾಯಿಯ ತಂಗಿಯ ಮನೆಗೆ ಹೋಗುತ್ತಿತ್ತು. ಅಲ್ಲಿಂದ ಹಾಸ್ಟೆಲಿಗೆ.

"ಅರಿವಿ ಕಟ್ಟಿದ ಗಂಟು. ಬಸ್ಸಿನ್ಯಾಗಿದ್ದವರಿಗೆ ಒಳಗೇನದ ತಿಳಿಯೂದಿಲ್ಲ, ಕಡೀಗೆ ಯಾರಿಗೆ ಹೋಗ್ತದನೂ ತಿಳಿಯೂದಿಲ್ಲ. ಮೌಶಿ ಮನಿ ತನಕ ಅಷ್ಟ ಗೊತ್ತು. ಹಾಸ್ಟೆಲಿನವ್ರಿಗೆ ಅದು ಮೌಶಿ ಮನಿ ಬುತ್ತಿ. ವಿಪಿಎನ್ ಅಂದ್ರ ಆ ಮೌಶಿ."

"ಚಲೋನ ಆತಲ್ರಿ."

"ಮೌಶಿ ಚಲೋ ಇದ್ರ ಚಲೋ. ಎಲ್ಲಾರ ಕಣ್ಣ ತಪ್ಪಿಸಿದ್ರೂ ಮೌಶಿ ಕಣ್ಣ ತಪ್ಪಸಲಿಕ್ಕೆ ಆಗೂದಿಲ್ಲ. ಯಾರಿಗೆ ಬುತ್ತಿ ಬಂತು, ಯಾವಾಗ ಬಂತು ಅಂತ ಬರದಿಟ್ಟಕೋತಾಳೇನು? ಅಕಿ ಹೇಳಿದ್ದು ಖರೇ ಅಂತ ಹೊರಗಿನವರು ಬಂದು ತಪಾಸ ಮಾಡ್ಯಾರೇನು? ಅಕಿ ಮನಿ ವಿಳಾಸರ ಅದನೋ ಇಲ್ಲೋ? ನಡುವ ದಾರಿ ಕಡದ್ರ ಬುತ್ತಿ ತಡೀತಾಳೋ, ಇಲ್ಲಾ ಅರಿವಿ ಕಟ್ಟದನ ಕಳಸಿಬಿಡ್ತಾಳೋ? ಪುಕ್ಕಟೆ ಮಾಡ್ತೀನಿ ಅಂದ್ರ, ಅಕಿ ಹೊಟ್ಟಿ ಹ್ಯಾಂಗ ತುಂಬ್ತದ? ಇಷ್ಟು ಕೇಳಬೇಕಲ್ರಿ ಸರ. ನೀವು ಚುಕ್ಕಿ ನೋಡಿದ್ರಿ."

"ಆದರ ಬ್ಯಾಂಕು, ಸರಕಾರ ಎಲ್ಲಾ ತಮ್ಮದ ಬೀಗ ಹಾಕಿರ್ತಾವಂತಲ್ರಿ?" ಎಂದೆ, ಹುಲ್ಲುಕಡ್ಡಿ ಹಿಡಿದವನಂತೆ.

"ಹೌದ್ರಿ. ಅವ್ರ ಡಬ್ಬಿಗೆ ಅವ್ರದ ಬೀಗ ಇರ್ತದ. ಬರೇ ದಾರಿಯೊಳಗಿನ ಮೌಶಿ ಆಗಿದ್ರ ಡಬ್ಬಿ ಎಲ್ಲಿಗೆ ಹೋತು ಅಂತ ತಿಳೀತಿತ್ತು, ಒಳಗಿಂದು ತಿಳೀತಿರಲಿಲ್ಲ. ನೀವು ತಂದ ಮೌಶಿ ಬ್ರೌಸರಿನೊಳಗ ಕೂತಾಳ. ಡಬ್ಬಿ ಕಟ್ಟೂಕಿಂತ ಮೊದಲ, ಅಡಿಗಿ ಮನ್ಯಾಗ. ಅದೂ ನೀವ ಹೂಂ ಅಂದು ಕರದು ಕೂಡಿಸೀರಿ."

ಇಬ್ಬರೂ ಅಂಗಡಿಗೆ ಹೋದೆವು. ಅರ್ಚನಾ ಸಿಂಹವನ್ನು ಕಿತ್ತುಹಾಕಿ, ಗವಿಸಿದ್ದಪ್ಪನಿಗೆ ವಿಷಯ ತಿಳಿಸಿದರು. ಯಾರು ಹಾಕಿದರು ಎಂಬಲ್ಲಿಗೆ ಬಂದು ನನ್ನ ಕಡೆ ನೋಡಿ ನಿಂತರು. ನಾನು ಬೆಂಚನ್ನು ನೋಡಿದೆ.

ಗವಿಸಿದ್ದಪ್ಪ ಕುಸಿದು ಕೂತ. "ನಾನ ಏನೋ ಒತ್ತಿರಬೇಕ್ರಿ ಮೇಡಮ್ಮಾರ. ಹಾಳ ಜಾಹೀರಾತು ಬರ್ತಾವಲ್ರಿ, ಗಡಬಡಿಯೊಳಗ ಒತ್ತೇನಿ" ಎಂದ. ಎದ್ದು ಅರ್ಜಿಗಳ ವಹಿ ತೆಗೆದ. ಆ ಮೂರು ವಾರದಲ್ಲಿ ಬಂದು ಹೋದವರು ಐವತ್ತೊಂದು ಮಂದಿ. ಅದರಲ್ಲಿ ಮೂವತ್ತೆಂಟು ಮಂದಿಗೆ ಕಳಕಪ್ಪ ಒಂದು ಎರಡು ಮೂರು.

ಹೊರಗೆ ಬಂದಾಗ ಅರ್ಚನಾ ಅಂದರು: "ನಾ ಹೇಳೂದಿಲ್ರಿ ಸರ. ನೀವ ಹೇಳ್ರಿ. ನಾಳೆ ಹೇಳ್ರಿ." ಆ ನಾಳೆ ನಾಲ್ಕು ದಿನ ಎಳೆಯಿತು.

ಗವಿಸಿದ್ದಪ್ಪ ಬಾಗಿಲಿಗೆ ಒಂದು ಚೀಟಿ ಅಂಟಿಸಿದ: "ನನ್ನ ತಪ್ಪಿನಿಂದ ನಿಮ್ಮ ಪಾಸ್‌ವರ್ಡ್ ಬೇರೆಯವರಿಗೆ ಗೊತ್ತಾಗಿರಬಹುದು. ದಯಮಾಡಿ ಬಂದು ಬದಲಿಸಿಕೊಳ್ಳಿರಿ." ಇಂಥ ಚೀಟಿ ಅಂಟಿಸುವವರು ಈ ಕಾಲದಲ್ಲಿ ಯಾರಿದ್ದಾರೆ? ಅದನ್ನು ಓದಿದ ಮಂದಿ ಬದಲಿಸಿಕೊಳ್ಳಲು ಒಳಗೆ ಬರಲಿಲ್ಲ. ಇನ್ನೊಂದು ಸೆಂಟರಿಗೆ ಹೋದರು. ಬೆಂಚು ಖಾಲಿಯಾಯಿತು. ನಾನು ದಿನಕ್ಕೆರಡು ಸಲ ಆ ಕಡೆ ಹಾಯ್ದು, ಹೇಳಬೇಕೆಂದು ಒಳಗೆ ಹೋಗಿ, ಒಂದೊಂದು ಹಾಳೆ ಝೆರಾಕ್ಸ್ ಮಾಡಿಸಿಕೊಂಡು ಬರುತ್ತಿದ್ದೆ. ನನ್ನ ಆಧಾರ್ ಕಾರ್ಡಿನ ಎಂಟು ಪ್ರತಿಗಳು ಈಗಲೂ ಮನೆಯಲ್ಲಿವೆ.

ಐದನೆಯ ದಿನ ಆತ ಅಂಗಡಿ ಮುಚ್ಚಿ ಮನೆಮನೆಗೆ ಹೊರಟ. "ನೀವೂ ಬರ್ತೀರೇನ್ರಿ ಸರ? ಸಾಲಿ ಕಲಸೋರು ಸಂಗಾಟ ಇದ್ರ ಮಂದಿ ನಂಬತಾರ" ಎಂದ. ಅವನ ಗಾಡಿಯ ಹಿಂದಿನ ಸೀಟಿನ ಮೇಲೆ ಕೂತು ಜಕ್ಕಲಿಗೆ ಹೋದೆ.

ಮೊದಲ ಮನೆ ಮಾನವ್ವನದು. ಕೂಲಿ ಮಾಡುವ ಮುದುಕಿ, ವಿಧವಾ ಪಿಂಚಣಿ ಬರುತ್ತದೆ. ನಮ್ಮನ್ನು ಕಂಡವಳೇ ಗಾಬರಿಯಾದಳು.

"ಯಾಕೋ ಗವಿಸಿದ್ದಪ್ಪ, ಮನೀತನಕ ಬಂದಿ? ನನ್ನ ಪಿಂಚಣಿ ನಿಂತೈತೇನು?"

"ಇಲ್ಲಬೇ ಯವ್ವಾ. ನಿನ್ನ ಪಾಸ್‌ವರ್ಡ್ ಬದಲ ಮಾಡಬೇಕಾಗೇತಿ. ಕಳಕಪ್ಪನ ಹೆಸರು ತಗದು ಬ್ಯಾರೆ ಇಡೂನು."

"ಅಂವ ಏನ ತಪ್ಪ ಮಾಡ್ಯಾನ?"

"ಅಂವಲ್ಲಬೇ, ನಾ ಮಾಡೇನಿ. ನನ್ನ ಕಂಪ್ಯೂಟರಿನ್ಯಾಗ ಕಳ್ಳ ಹೊಕ್ಕಾನ."

ಮಾನವ್ವ ಒಪ್ಪಲಿಲ್ಲ. ನನ್ನ ಕೈಗೆ ಚಹಾದ ಲೋಟ ಕೊಡುತ್ತ ಅಂದಳು: "ನೀ ತಪ್ಪ ಮಾಡಾಂವಲ್ಲ. ನನ್ನ ಗಂಡ ಸತ್ತಾಗ ಕಾಗದ ಯಾರೂ ಬರದಕೊಡಲಿಲ್ಲ, ನೀ ಬರದಕೊಟ್ಟಿ. ಯಾವನೋ ಬಾಡ್ಯಾ ಬಂದು ಕೆಡಿಸ್ಯಾನ. ಯಾವ ಕೈಲೆ ಮಾಡ್ಯಾನೋ ಆ ಕೈಗೆ ಹುಳಾ ಬೀಳ್ಲಿ. ಬಾಯಾಗ ಮಣ್ಣ ಬೀಳ್ಲಿ. ಹೌದಲ್ರಿ ಸರ?"

ಲೋಟ ಹಿಡಿದದ್ದು ಅದೇ ಕೈ. ಬಾಯಿಯಲ್ಲಿದ್ದದ್ದು ಅವಳದೇ ಚಹಾ. ಲೋಟ ಕೆಳಗಿಟ್ಟೆ.

"ಆ ಬಾಡ್ಯಾ ನಾನ ಯವ್ವಾ" ಎಂದೆ. ಬದನೆಕಾಯಿಯಿಂದ ಹಿಡಿದು ಬೆಂಚಿನ ತನಕ ಎಲ್ಲವನ್ನೂ ಹೇಳಿದೆ. ಗವಿಸಿದ್ದಪ್ಪ ನನ್ನನ್ನು ನೋಡಲಿಲ್ಲ. ತನ್ನ ಚಪ್ಪಲಿಯ ಬಾರನ್ನು ನೋಡುತ್ತ ಕೂತಿದ್ದ.

ಮಾನವ್ವ ಸೆರಗು ಬಾಯಿಗೆ ಹಿಡಿದಳು. "ಅಯ್ಯ ಶಿವನ! ಕಲತೋರಲ್ರಿ ನೀವು?" ನನ್ನ ಕೈ ನೋಡಿದಳು. "ಹುಳಾ ಬ್ಯಾಡ ಬಿಡ್ರಿ, ಬರಿಯೂ ಕೈ. ಮಣ್ಣ ಇರ್ಲಿ."

ಮಾನವ್ವನ ಪಾಸ್‌ವರ್ಡ್ ಬದಲಿಸಿಕೊಟ್ಟು ಹೊರಗೆ ಬಂದ ಮೇಲೆ ಗವಿಸಿದ್ದಪ್ಪ ಗಾಡಿಗೆ ಕೀಲಿ ಹಾಕಿದ, ತಿರುಗಿಸಲಿಲ್ಲ.

"ನಾಲ್ಕ ದಿನ ಆತ್ರಿ ಸರ. ಯಾವಾಗ ಒತ್ತಿದೆ, ಏನ ಒತ್ತಿದೆ ಅಂತ ನೆನಸ್ಕೋತ ಕುಂತೇನಿ. ತಲಿ ಕೆಟ್ಟೈತೇನು, ಅಂಗಡಿ ಬಿಡಬೇಕೇನು ಅಂತ ಮನ್ಯಾಗ ಮಾತಾಡಿದ್ವಿ."

ಅವನು ಬೈದಿದ್ದರೆ ಹಗುರಾಗುತ್ತಿತ್ತು. "ತಪ್ಪಾತು ಗವಿಸಿದ್ದಪ್ಪಾ" ಎಂದೆ. ಆ ಮಾತು ನನಗೇ ಪುಕ್ಕಟೆಯದಾಗಿ ಕೇಳಿಸಿತು.

ಆತ ವಹಿಯಿಂದ ಒಂದು ಹಾಳೆ ಹರಿದು ಕೊಟ್ಟ. "ಇದು ಸೂಡಿ ಪಟ್ಟಿ. ಹತ್ತೊಂಬತ್ತ ಮನಿ. ನಾ ಬರಂಗಿಲ್ಲ, ಬಸ್ಸಿಗೆ ಹೋಗ್ರಿ. ಪಾಸ್‌ವರ್ಡ್ ನೀವು ಮುಟ್ಟಬ್ಯಾಡ್ರಿ. ಬರೇ ಯಾರು ಮಾಡಿದ್ರು ಅಂತ ಹೇಳ್ರಿ. ಬದಲ ಮಾಡಾಕ ನನ್ನ ಕಡೆ ಕಳಸ್ರಿ. ಬಂದ್ರ ಈ ಸಲ ಒಬ್ಬೊಬ್ಬರಿಗೆ ಒಂದೊಂದು ಇಡ್ತೇನಿ, ದೇವರನ್ನ ಬಿಟ್ಟು."

ಮರುದಿನ ರಜೆ ಹಾಕಿ ಸೂಡಿಗೆ ಹೋದೆ. ಮೊದಲ ಹೆಸರು ಪರಶಪ್ಪ. ಮಂಗಳೂರಿನ ಕಡೆ ಕಟ್ಟಡದ ಕೆಲಸಕ್ಕೆ ಹೋಗಿ, ಹಿಂಗಾರಿ ಬಿತ್ತನೆಗೆಂದು ಊರಿಗೆ ಬಂದವನು. ಕಟ್ಟೆಯ ಮೇಲೆ ನಾಲ್ಕು ಮಂದಿಯ ಜೊತೆ ಕೂತಿದ್ದ.

"ಯಾರ್ರಿ ನೀವು?"

"ಗವಿಸಿದ್ದಪ್ಪನ ಕಂಪ್ಯೂಟರ್ ಕೆಡಿಸಿದಾಂವ ರೀ."

ನಾಲ್ವರೂ ನನಗೆ ಜಾಗ ಮಾಡಿಕೊಟ್ಟರು. "ಕೂಡ್ರಿ. ಮೊದಲಿಂದ ಹೇಳ್ರಿ" ಎಂದ ಪರಶಪ್ಪ. ಮೊದಲಿನಿಂದ ಹೇಳಿದೆ. ನಡುವೆ ಬಂದವರಿಗಾಗಿ ಇನ್ನೊಮ್ಮೆ ಹೇಳಿದೆ. ನನ್ನ ನಗೆಬರಹಕ್ಕೆ ಯಾವತ್ತೂ ಇಷ್ಟು ಮಂದಿ ನಕ್ಕಿರಲಿಲ್ಲ. ಪರಶಪ್ಪ ಮಾತ್ರ ನಗಲಿಲ್ಲ.

"ಅಂದ್ರ ಗವಿಸಿದ್ದಪ್ಪಂದು ಏನೂ ತಪ್ಪಿಲ್ಲ?"

"ಇಲ್ರಿ. ಏನೂ ಇಲ್ಲ."

"ಬರದಕೊಡ್ರಿ."

ಅವನು ಕೊಟ್ಟ ಹಾಳೆಯ ಮೇಲೆ ಬರೆದು ಸಹಿ ಹಾಕಿದೆ. ಅದನ್ನು ಗಟ್ಟಿಯಾಗಿ ಓದಿ, ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. "ನಾಳೆ ಹೋಗ್ತೀನ್ರಿ ಅವನ ಅಂಗಡಿಗೆ. ಇದನ್ನ ಅಲ್ಲಿ ಬಾಗಲಿಗೆ ಹಚ್ಚತೀನಿ."

ನಾನು ಪಟ್ಟಿಯಲ್ಲಿ ಅವನ ಹೆಸರಿಗೆ ಗೆರೆ ಎಳೆದು, ಎರಡನೆಯ ಮನೆ ಯಾವ ಓಣಿಯಲ್ಲಿದೆ ಎಂದು ಕೇಳಿದೆ.