ಮಾಸ್ತರರ ಡಬ್ಬಿ

ಶಹಾಪುರದ ನಮ್ಮ ಲ್ಯಾಬಿಗೆ ದೋರನಹಳ್ಳಿಯ ನಿವೃತ್ತ ಮಾಸ್ತರರೊಬ್ಬರು ಬಂದರು. ಜಂತುಹುಳದ ಗುಳಿಗೆ ನುಂಗಿದ್ದರು. ಹುಳ ಹೋಗಿವೆಯೋ ಇಲ್ಲವೋ ನೋಡಬೇಕಿತ್ತು. ಮಲ ತರಲು ಡಬ್ಬಿ ಕೊಟ್ಟರೆ ಸಿಟ್ಟಾದರು.

“ಊರಿಗೆಲ್ಲಾ ಪಾಠ ಹೇಳಿದವ ನಾ. ಇದನ್ನ ಹಿಡ್ಕೊಂಡು ಬಸ್ಸಿನಾಗ ಬರ್ಲೇನು? ರಕ್ತ ತಗೋ!”

ಅಂಜಿ ತಗೊಂಡೆ. ಹುಳದ ವಿರುದ್ಧ ಹುಟ್ಟಿದ ಪ್ರತಿಕಾಯಗಳು ರಕ್ತದಲ್ಲಿ ಇನ್ನೂ ಇದ್ದವು.

“ಗುಳಿಗಿ ನುಂಗೀನಲ್ಲೋ!”

“ಹುಳ ಹೋದ್ರೂ ರಕ್ತ ಜಲ್ದಿ ಮರೆಯಂಗಿಲ್ರಿ, ಸರ. ಖರೇ ತಿಳೀಬೇಕಂದ್ರ ಡಬ್ಬಿನೇ ಬೇಕು.”

ಮರುದಿನ ಬಗಲಚೀಲ ತಬ್ಬಿಕೊಂಡು ಬಂದರು. ಒಳಗೇನೆಂದು ಬಸ್ಸಿನಲ್ಲಿ ಹಳೇ ವಿದ್ಯಾರ್ಥಿಯೊಬ್ಬ ಕೇಳಿದ್ದಕ್ಕೆ “ಉತ್ತರಪತ್ರಿಕಿ” ಅಂದಿದ್ದರಂತೆ.

ಸೂಕ್ಷ್ಮದರ್ಶಕದಲ್ಲಿ ಹುಡುಕಿದೆ. ಹುಳದ ಒಂದು ತತ್ತಿಯೂ ಇರಲಿಲ್ಲ.

“ಎಷ್ಟು ಬಂತೋ?”

“ಸೊನ್ನಿ ರಿ, ಸರ.”

ಜೀವನವಿಡೀ ಮಂದಿಗೆ ಸೊನ್ನೆ ಹಾಕಿದ ಮಾಸ್ತರರು, ಅವತ್ತು ತಾವೇ ಸೊನ್ನೆ ತಗೊಂಡು ನನಗೆ ಚಾ ಕುಡಿಸಿದರು.