ತಾನೇ ಹೆಸರು ಬರೆಸಿದವನು

ವಿಜಯನಗರದಲ್ಲಿ ನಾನು ಅಡುಗೆಗೆ ಹೋಗ್ತಿದ್ದ ಮನೇಲಿ ಮಂಜುನಾಥ ಒಬ್ಬನೇ ಇದ್ದ, ಯಾವುದೋ ಆಫೀಸಿನ ಗುಮಾಸ್ತ. ಒಂದು ಬೆಳಗ್ಗೆ ಅವನಿಗೆ ತಂತಿ ಬಂತು. ಆಗೆಲ್ಲ ತಂತಿ ಅಂದ್ರೆ ಸಾವಿನ ಸುದ್ದಿ ತಾನೇ? ನನಗೆ ಓದೋಕೆ ಬರಲ್ಲ. ಒಲೆ ಆರಿಸಿ ಜೋರಾಗಿ ಅಳೋಕೆ ಶುರುಮಾಡಿದೆ.

ಅವನು ಓದಿದವನೇ ಮಂಚದಡಿಯಿಂದ ಟ್ರಂಕು ಎಳೆದ.

"ಯಾರು ಹೋದ್ರಪ್ಪಾ?"

"ನಾನೇ ಕಣಮ್ಮಾ ಹೋಗ್ತಾ ಇರೋದು. ಮಿಲಿಟರಿಗೆ!"

"ಬಿಡ್ತು ಅನ್ನು! ನೀನು ಗುಮಾಸ್ತ ಅಲ್ವೇನೋ?"

"ಗುಮಾಸ್ತನೇ. ಅವರು ಕರೆದಾಗ ಮಾತ್ರ ಸಿಪಾಯಿ. ವರ್ಷಕ್ಕೊಂದ್ಸಲ ಟ್ರೈನಿಂಗಿಗೆ ಹೋಗ್ತಿರಲಿಲ್ವಾ? ಇವತ್ತು ಸಂಜೆಯೊಳಗೆ ಬರಬೇಕಂತೆ."

"ಯಾರು ನಿನ್ನ ಬಲವಂತ ಮಾಡಿದ್ದು?"

"ಯಾರೂ ಇಲ್ಲ. ದಿಢೀರಂತ ಕರೆದ್ರೆ ಯಾರು ಬರ್ತೀರಾ ಅಂದ್ರು. ನಾನೇ ಹೆಸರು ಬರೆಸಿದೆ."

ಜಿರಳೆ ಕಂಡ್ರೆ ನನ್ನನ್ನ ಕೂಗೋ ಮನುಷ್ಯ! ಹಸಿರು ಬಟ್ಟೆ ತೊಟ್ಟು ಈಚೆ ಬಂದ. ನೆಲದ ಮೇಲೆ ಕೂತಿದ್ದೋಳು ಎದ್ದು ನಿಂತೆ.

"ಹುಷಾರಾಗಿ ಹೋಗ್ಬನ್ನಿ, ಸಾರ್."

"ನಂಗ್ಯಾಕಮ್ಮಾ ಸಾರ್ ಅಂತೀರಾ?" ಅಂತ ನಕ್ಕು ಕಾಲಿಗೆ ಬಿದ್ದು ಹೊರಟ.

ನಾಲ್ಕು ತಿಂಗಳಿಗೆ ದೇವರ ದಯೆಯಿಂದ ವಾಪಸ್ ಬಂದ. ಊಟಕ್ಕೆ ಕೂತು, ಹುಳಿಗೆ ಉಪ್ಪು ಜಾಸ್ತಿ ಅಂತ ಮುಖ ಸಿಂಡರಿಸೋವರೆಗೂ ನನ್ನ ನಾಲಿಗೆ ಏಕವಚನಕ್ಕೆ ಇಳೀಲೇ ಇಲ್ಲ.